ಕತ್ತಲ ಮನೆಗೊಂದು ನಕ್ಷೆ

ನಾನೊಬ್ಬ ಹುಟ್ಟದೇ ಹೋಗಿದ್ದರೆ ಈ ಲೋಕದ ಹಳೆಯ ನಕ್ಷೆಗಳ ಗತಿ ಏನಾಗುತ್ತಿತ್ತೋ! ಗುಜರಿ ಅಂಗಡಿಗಳಲ್ಲಿ ಅನಾಥವಾಗಿ ಬಿದ್ದಿದ್ದವನ್ನೆಲ್ಲ ಎತ್ತಿ ತಂದು ಸಾಕಿದವನು ನಾನು. ಅವುಗಳಲ್ಲಿ ಪಟ್ಟದರಾಣಿ ಒಂದು ಸಮುದ್ರಯಾನದ ನಕ್ಷೆ. ಹಡಗಿನವರು ಹುಷಾರಾಗಿರಲಿ ಎಂದು ಹಿಂದಿನವರು ಅಪಾಯದ ಜಾಗದಲ್ಲಿ ಒಂದು ವಿಚಿತ್ರ ಪ್ರಾಣಿಯನ್ನು ಬರೆಯುತ್ತಿದ್ದರಂತೆ. ನನ್ನ ನಕ್ಷೆಯಲ್ಲೂ ಅಂಥದ್ದೊಂದು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಮಹಿಮೆಯನ್ನು ನನ್ನ ಹೆಂಡತಿಗೆ ದಿನಾ ಹೇಳುತ್ತಿದ್ದೆ.

ಊರಿನ ವಸ್ತುಸಂಗ್ರಹಾಲಯದವರು ನಕ್ಷೆಗಳ ಪ್ರದರ್ಶನ ಏರ್ಪಡಿಸುವ ಸುದ್ದಿ ಬಂತು. ತೀರ್ಮಾನಿಸಿಯೇಬಿಟ್ಟೆ! ನನ್ನ ನಕ್ಷೆ ಅಲ್ಲಿ ತೂಗಬೇಕು, ಕೆಳಗೆ ನನ್ನ ಹೆಸರು ಹೊಳೆಯಬೇಕು. ಅಲ್ಲಿನ ಅಧಿಕಾರಿ ಒಂದೆರಡು ತಿಂಗಳಲ್ಲಿ ಮನೆಗೇ ಬಂದು ನೋಡುತ್ತೇನೆಂದರು. ಅಲ್ಲಿಯವರೆಗೆ ಅದರ ಕೂದಲೂ ಕೊಂಕದಂತೆ ಕಾಯುವ ಭಾರ ನನ್ನ ಮೇಲೆ.

ಹಳೆಯ ಕಾಗದಕ್ಕೆ ಬೆಳಕು ಆಗದು ಎಂದು ಓದಿದ್ದೆ. ಕಿಟಕಿಗಳಿಗೆಲ್ಲ ಕಂಬಳಿ ಜಡಿದೆ, ಬಲ್ಬುಗಳನ್ನು ಬಿಚ್ಚಿ ಅಟ್ಟಕ್ಕೇರಿಸಿದೆ. ಹಬೆ ಆಗದೆಂದು ಬಿಸಿನೀರಿನ ಸ್ನಾನ ನಿಷೇಧಿಸಿದೆ. ಧೂಳೇಳುತ್ತದೆಂದು ಕಸ ಗುಡಿಸುವುದಕ್ಕೂ ತಡೆಯಾಜ್ಞೆ! ನಕ್ಷೆ ಸುರುಳಿಯಾಗದಿರಲು ಎರಡು ರಟ್ಟುಗಳ ನಡುವೆ ಇಟ್ಟು, ಮರದ ಮಂಚದ ಮೇಲೆ ಮಲಗಿಸಿ, ಅದರ ಮೇಲೆ ಹಾಸಿಗೆ ಹಾಸಿ, ಹಾಸಿಗೆಯ ಮೇಲೆ ನಮ್ಮ ಅತ್ತೆಯವರನ್ನು ಕೂರಿಸಿದೆ. ಭಾರ ಬೇಕಲ್ಲ!

"ಅಳಿಯಂದಿರೇ, ಕೆಳಗೆ ಏನೋ ಕರಕರ ಅಂತಿದೆ," ಎಂದು ಕತ್ತಲೊಳಗಿಂದ ಅವರ ದನಿ ಬಂತು.

"ಅದು ಇತಿಹಾಸದ ದನಿ, ಅತ್ತೆ. ನೀವು ಮಾತ್ರ ಅಲುಗಾಡಬೇಡಿ."

ಪಾಪ, ಊಟ-ಸ್ನಾನಕ್ಕಷ್ಟೇ ಅವರಿಗೆ ಬಿಡುಗಡೆ. ಹಾಗೆ ಎದ್ದ ಒಂದು ದಿನ ಕಬ್ಬಿಣದ ಬೀರುವನ್ನೇ ನಾನೆಂದು ತಿಳಿದು ಅದರ ಮುಂದೆ ನಿಂತು ಚೆನ್ನಾಗಿ ಬೈದರಂತೆ. ಅದು ಎದುರುತ್ತರ ಕೊಡದ್ದು ನೋಡಿ, ಅಳಿಯ ಎಷ್ಟೋ ಸುಧಾರಿಸಿದ್ದಾರೆ ಎಂದು ಮಗಳ ಹತ್ತಿರ ಹೊಗಳಿದರು.

"ರೀ, ಒಂದಾದರೂ ಬಲ್ಬು ಹಾಕಿ. ಮೊಣಕಾಲಲ್ಲಿ ಪೆಟ್ಟು ಬೀಳದ ಜಾಗ ಉಳಿದಿಲ್ಲ," ಎಂದಳು ನನ್ನ ಹೆಂಡತಿ.

"ಇತಿಹಾಸಕ್ಕೋಸ್ಕರ ಒಂದು ಮೊಣಕಾಲು ಕೊಡೋಕೆ ಆಗಲ್ವಾ ನಿನಗೆ?"

ಅವಳು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಇದ್ದಿಲಿನಿಂದ ಮನೆಯ ನಕ್ಷೆಯೊಂದನ್ನು ಬರೆದು ಬೀದಿ ಬಾಗಿಲ ಹೊರಗೆ ಅಂಟಿಸಿದಳು. ಬಂದವರು ಅದನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಬರಬೇಕು. ಎಲ್ಲಿ ಸ್ಟೂಲು, ಎಲ್ಲಿ ಬಕೆಟ್ಟು, ಎಲ್ಲಿ ಅತ್ತೆ, ಎಲ್ಲ ಅದರಲ್ಲಿತ್ತಂತೆ. ಏಳು ಸಮುದ್ರಗಳನ್ನು ಅರೆದು ಕುಡಿದ ನನಗೆ ಕ್ಯಾಲೆಂಡರಿನ ನಕ್ಷೆಯೇ! ತಿರುಗಿಯೂ ನೋಡಲಿಲ್ಲ. ದಿನಾ ಸ್ಟೂಲು ಎಡವಿ ಬಿದ್ದು ಕನ್ನಡಕಕ್ಕಾಗಿ ತಡಕಾಡುತ್ತಿದ್ದವನು ನಾನೊಬ್ಬನೇ.

ಅಧಿಕಾರಿ ಬಂದೇಬಿಟ್ಟರು. ಬಾಗಿಲ ಮುಂದೆಯೇ ನಿಂತು ಆ ಕ್ಯಾಲೆಂಡರನ್ನು ದಿಟ್ಟಿಸುತ್ತಿದ್ದವರನ್ನು ಕೈಹಿಡಿದು ಒಳಗೆಳೆದೆ. ಸಕಲ ಮರ್ಯಾದೆಗಳೊಂದಿಗೆ ಅತ್ತೆಯವರನ್ನು ಎಬ್ಬಿಸಿದೆ. ಹಾಸಿಗೆ ಸರಿಸಿ ರಟ್ಟು ತೆರೆದೆ. ಅವರು ಟಾರ್ಚ್ ಹಾಕಿದರು.

ಗೆದ್ದಲು! ಖಂಡಗಳನ್ನೆಲ್ಲ ನುಂಗಿ, ಸಮುದ್ರದ ಚೂರುಗಳನ್ನಷ್ಟೇ ಬಿಟ್ಟಿದ್ದವು. ಪ್ರಾಣಿಯ ಬಾಲ ಮಾತ್ರ ಉಳಿದಿತ್ತು.

"ಕತ್ತಲೆ, ಗಾಳಿ ಇಲ್ಲ, ಗುಡಿಸಿಲ್ಲ. ಗೆದ್ದಲಿಗೆ ಇನ್ನೇನು ಬೇಕು ಸಾರ್?" ಎಂದರು ಅಧಿಕಾರಿ.

ನಿಜ ಹೇಳುತ್ತೇನೆ, ಅಳು ಬಂತು. ಅಲ್ಲೇ ಮಂಚದ ಮೇಲೆ ಕುಸಿದೆ. ಇಷ್ಟಾದರೂ ನನ್ನ ಹೆಂಡತಿ ಬೈಯಲಿಲ್ಲ, ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅವಳೂ ಅಳುತ್ತಿದ್ದಾಳೋ ಏನೋ ಎಂದುಕೊಂಡೆ, ಕತ್ತಲಲ್ಲಿ ಕಾಣಲಿಲ್ಲ.

ಅಧಿಕಾರಿ ಬಾಗಿಲಿಗೆ ಹೋಗಿ ಆ ಕ್ಯಾಲೆಂಡರನ್ನು ಜೋಪಾನವಾಗಿ ಬಿಡಿಸಿಕೊಂಡು ಬಂದರು. ದಾರಿ ಹುಡುಕಲು ಜನ ನಿಜವಾಗಿ ಬಳಸುತ್ತಿರುವ ನಕ್ಷೆ ತಮ್ಮ ಪ್ರದರ್ಶನದಲ್ಲಿ ಒಂದೂ ಇಲ್ಲ, ಇದನ್ನು ಕೊಡಬೇಕು ಎಂದು ಅವಳನ್ನು ಕೇಳಿದರು. ಆಮೇಲೆ ಅದರ ನಡುವೆ ಬೆರಳಿಟ್ಟರು.

"ಇಲ್ಲಿ ಕನ್ನಡಕ ಹಾಕ್ಕೊಂಡು ಬಾಯಿ ತೆರ್ಕೊಂಡಿದೆಯಲ್ಲ, ಇದು ಯಾವ ಪ್ರಾಣಿಯಮ್ಮಾ?"

"ಅಪಾಯ ಇರೋ ಕಡೆ ಬರೀಬೇಕು ಅಂತ ಇವರೇ ಹೇಳ್ತಿದ್ರು," ಎಂದಳು ಅವಳು.

ಈಗ ಸಂಗ್ರಹಾಲಯದ ಝಗಮಗಿಸುವ ದೀಪದ ಕೆಳಗೆ ಆ ನಕ್ಷೆ ತೂಗುತ್ತಿದೆ. ಕೆಳಗೆ ಹೊಳೆಯುತ್ತಿರುವುದು ನನ್ನ ಹೆಂಡತಿಯ ಹೆಸರು. ನೋಡಲು ಬಂದ ಅತ್ತೆಯವರು ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನನ್ನೂ ನೋಡಿ, "ಎಲ್ಲಾ ಸರಿಯಾಗಿದೆ ಕಣೇ, ಬಾಯಿ ಮಾತ್ರ ಸ್ವಲ್ಪ ಚಿಕ್ಕದಾಯ್ತು," ಎಂದರು ಮಗಳಿಗೆ.