ಮಾವ ಒಪ್ಪದ ದಲ್ಲಾಳಿಗಳು

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ಅತ್ತೆಯನ್ನು ಕಾಲು ಗಳಿಗೆಯಲ್ಲಿ ಒಪ್ಪಿ ಬಂದರಂತೆ. ಆದರೆ ಒಬ್ಬ ಸೀರೆ ದಲ್ಲಾಳಿಯನ್ನು ಒಪ್ಪಲು ಅವರಿಗೆ ನಾಲ್ಕು ಪ್ರಯಾಣ ಬೇಕಾಯಿತು! ಗಾಡಿ ಹೊಡೆದವನು ನಾನು. ಬೇಕಾದರೆ ನನ್ನ ಸೊಂಟವನ್ನು ಕೇಳಿ.

ಮಾವನ ಒಬ್ಬಳೇ ಮಗಳ ಮದುವೆ. ಧಾರೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆಯೇ ಆಗಬೇಕು. ಆಗೆಲ್ಲ ನೇಕಾರರ ಮನೆಗೆ ಹೊರಗಿನವರು ನೇರವಾಗಿ ನುಗ್ಗುವ ರೂಢಿ ಇರಲಿಲ್ಲ, ದಲ್ಲಾಳಿಯೇ ಕರೆದೊಯ್ಯಬೇಕು. ಚಳ್ಳಕೆರೆಯಲ್ಲಿ ಗಾಡಿ ಕಟ್ಟಿದರೆ ದಾರಿಯ ತಳಕು ಊರಿನಲ್ಲಿ ಎತ್ತಿಗೆ ನೀರು, ನಮಗೆ ಬುತ್ತಿ. ಮೊಳಕಾಲ್ಮೂರು ಮುಟ್ಟುವಷ್ಟರಲ್ಲಿ ಬೆನ್ನು ಅನ್ನುವುದೊಂದು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ!

ಮೊದಲ ದಲ್ಲಾಳಿ ಜರಿಯಂಚಿನ ಪಂಚೆ ಉಟ್ಟಿದ್ದ. ಮಾವ ನನ್ನ ಕಿವಿಯಲ್ಲಿ, "ಲೇ, ನಮ್ಮಂಥೋರ ತಲೆ ಬೋಳ್ಸೇ ಇವ್ನು ಇದನ್ನ ಉಟ್ಟಿರೋದು" ಎಂದರು. ವಾಪಸು! ಎರಡನೆಯವನ ಪಂಚೆ ಹರಿದಿತ್ತು. "ತನ್ ಬಟ್ಟೆನೇ ನೆಟ್ಟಗೆ ಆರ್ಸಾಕ್ ಬರ್ದೋನು ನಮ್ದೇನ್ ಆರಿಸ್ತಾನೆ?" ಮತ್ತೆ ವಾಪಸು. ಮೂರನೆಯವನ ಪಂಚೆಯಲ್ಲಿ ದೋಷವೇ ಸಿಗಲಿಲ್ಲ, ಪಾಪ! ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಬಾಯ್ತುಂಬ ಮಾತಾಡಿಸಿ ಎಲೆಅಡಿಕೆ ಕೊಟ್ಟ. ಮಾವ ಅದನ್ನು ಜಗಿಯುತ್ತಲೇ ಹೊರಬಂದರು. "ಇಷ್ಟ್ ಒಳ್ಳೇವ್ನು ಯಾಪಾರದಾಗೆ ಉಳೀತಾನೇನ್ಲೇ?"

"ಮಾವಾ, ಧಾರೆಗೆ ಇನ್ನು ಐದೇ ದಿನ ಐತೆ. ಮದುಮಗಳಿಗೆ ಗೋಣಿತಾಟು ಉಡಿಸ್ತೀರಾ?" ಎಂದೆ. ಮಾವ ಗಾಡಿ ಹತ್ತಿ ಕೂತರು. ಮನೆಯಲ್ಲಿ ಅತ್ತೆ ಬೈದದ್ದು ಮಾತ್ರ ನನ್ನನ್ನೇ. ಮರುದಿನ ನೊಗ ಎತ್ತಿದರೆ ಎತ್ತುಗಳೂ ಮುಖ ತಿರುಗಿಸಿದವು.

ನಾಲ್ಕನೆಯ ದಲ್ಲಾಳಿ ಒಬ್ಬ ಮುದುಕ. ಸೀರೆಯ ಸುದ್ದಿಯನ್ನೇ ಎತ್ತದೆ, "ಹುಡ್ಗಿ ಎಷ್ಟ್ ಎತ್ರ ಇದಾಳ್ರಿ?" ಎಂದ. ಮಾವ ಕೈಯನ್ನು ತಮ್ಮ ಕಿವಿಯ ಮಟ್ಟಕ್ಕೆ ಹಿಡಿದರು. ಆ ಕೈ ಅಲ್ಲಿ ನಿಲ್ಲಲಿಲ್ಲ, ಮೆಲ್ಲಗೆ ಇಳಿದು ಮೊಣಕಾಲಿನ ಹತ್ತಿರ ಬಂತು. "ಮೊನ್ನೆ ಮೊನ್ನೆ ಇಷ್ಟೇ ಇದ್ಲು" ಎಂದರು. ಆಮೇಲೆ ಧಡಕ್ಕನೆ ಎದ್ದು, "ಇನ್ನೊಂದ್ ದಿನ ಬರ್ತೀವಿ ಬಿಡ್ರಿ" ಎಂದರು.

"ಕುಂತ್ಕಳ್ರಿ" ಎಂದ ಮುದುಕ. "ನಾನೂ ಮೂರು ಹೆಣ್ಮಕ್ಳನ್ನ ಕಳ್ಸೀನಿ. ಸೀರೆ ತಗಳ್ದೇ ಹೋದ್ರೆ ಮದ್ವೆ ನಿಲ್ಲಾಕಿಲ್ಲ."

ಮಾವ ಕೂತರು. ನನಗೆ ನಾಚಿಕೆಯಾಯಿತು. ಮಗಳನ್ನು ಕಳಿಸಲಾರದೆ ಈ ಮನುಷ್ಯ ಒದ್ದಾಡುತ್ತಿದ್ದರೆ ನಾನು ಸೊಂಟನೋವು ಲೆಕ್ಕ ಹಾಕುತ್ತಿದ್ದೆ!

ಕುಂಕುಮ ಬಣ್ಣದ ಸೀರೆ ಬಂತು. ಅಲ್ಲಿನ ದಲ್ಲಾಳಿಗಳು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಶಲ್ಯದ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ. ಮುದುಕ ಶಲ್ಯ ಹೊದಿಸಿದ. ಮಾವ ಅದರಡಿ ಕೈ ಇಟ್ಟರು.

"ಎಷ್ಟಂತೆ ಮಾವಾ?" ಎಂದೆ. ಶಲ್ಯದಡಿ ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ. ಮಾವ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ಮುದುಕ ಬಿಡಿಸಿಕೊಳ್ಳಲಿಲ್ಲ.