ಮೊದಲಿಗೇ ಭೈರವಿ

ರೆಕಾರ್ಡಿಂಗ್ ಹಾಕುವುದರಲ್ಲಿ ತಪ್ಪಾಗಲು ಏನಿದೆ ಹೇಳಿ? ಗುಂಡಿ ಒತ್ತಿದರೆ ಹಾಡುತ್ತದೆ, ಮತ್ತೊಮ್ಮೆ ಒತ್ತಿದರೆ ಸುಮ್ಮನಾಗುತ್ತದೆ. ಶಿರಸಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡು ಊರೂರಿಗೆ ನೀರು ಹತ್ತಿಸಿದ ನನಗೆ ಇದೊಂದು ಕೆಲಸವೇ ಅಲ್ಲ ಎಂದು ನಂಬಿದ್ದೆ.

ನನ್ನ ಹೆಂಡತಿ ಗೌರಿ ಮದುವೆಯಾದ ಲಾಗಾಯ್ತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾಳೆ. ಶಿಷ್ಯೆಯರು ಊರೂರಲ್ಲಿ ಹಾಡಿ ಶಾಲು ಹೊದೆಸಿಕೊಂಡು ಬಂದರೂ ಅವಳು ಮಾತ್ರ ಒಮ್ಮೆಯೂ ವೇದಿಕೆ ಹತ್ತಿರಲಿಲ್ಲ. ಕೇಳಿದರೆ, "ಧೈರ್ಯ ಇನ್ನೂ ಬೈಂದಿಲ್ಲೆ" ಅನ್ನುತ್ತಿದ್ದಳು. ಅಂತೂ ಧೈರ್ಯ ಬಂದು, ಒಂದು ಭಾನುವಾರ ಬೆಳಿಗ್ಗೆ ಶಿರಸಿಯ ಸಭಾಭವನವೊಂದರಲ್ಲಿ ಅವಳ ಮೊದಲ ಗಾಯನ, ಅದು ಮುಗಿದ ಮೇಲೆ ಬಂದವರಿಗೆಲ್ಲ ಊಟ ಎಂದು ನಿಗದಿಯಾಯಿತು. ಬೆಳಗಿನ ರಾಗ ತೋಡಿ. ಅದನ್ನು ಅವಳು ತಿಂಗಳುಗಟ್ಟಲೆ ಹೇಗೆ ತಿದ್ದಿದಳೆಂದರೆ, ನಮ್ಮ ಮನೆಯ ಕುಕ್ಕರ್ ಕೂಡ ತೋಡಿಯಲ್ಲೇ ಸೀಟಿ ಹೊಡೆಯುತ್ತಿದೆಯೇನೋ ಎಂದು ನನಗೆ ಅನುಮಾನ ಬರುತ್ತಿತ್ತು.

ನನಗೆ ಅವಳು ಹೇಳಿದ್ದು ಒಂದೇ ಕೆಲಸ. "ಜನ ಸೇರೋವರೆಗೆ ಮೊಬೈಲಲ್ಲಿ ತಂಬೂರಿ ಶ್ರುತಿ ಹಾಕಿ. ಬೇರೆ ಎಂತದೂ ಬೇಡ."

ಬರೀ ತಂಬೂರಿ! ನೀರಿಲ್ಲದ ಬೋರಿಗೆ ಮೋಟಾರು ಓಡಿಸಿದ ಹಾಗೆ. ಜನರಿಗೆ ಇಷ್ಟವಾದದ್ದನ್ನು ಹಾಕಬೇಡವೇ? ನಾನು ಸಾಮಾನ್ಯನೇನಲ್ಲ. ಹಿಂದೆ ಬಗಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಸಂಗೀತದ ಬೈಠಕ್ಕಿನಿಂದ ಬೈಠಕ್ಕಿಗೆ ಅಲೆದವನು. ಆ ಕ್ಯಾಸೆಟ್ಟುಗಳೆಲ್ಲ ಈಗ ನನ್ನ ಮೊಬೈಲಿನಲ್ಲಿವೆ. ಅವುಗಳಲ್ಲಿ ಯಾವುದು ಚೊಲೋ ಎಂದು ಅಂಗಡಿಗೆ ಬಂದ ರಸಿಕರನ್ನೆಲ್ಲ ವಿಚಾರಿಸಿದೆ. ಬಿಳಗಿಯಿಂದ ಫುಟ್‌ವಾಲ್ವ್ ಕೊಳ್ಳಲು ಬಂದವರೂ ಯಲ್ಲಾಪುರದಿಂದ ಪೈಪು ಒಯ್ಯಲು ಬಂದವರೂ ಒಂದೇ ಉತ್ತರ ಕೊಟ್ಟರು. ಹಿಂದೊಮ್ಮೆ ಸಿದ್ದಾಪುರದ ಬೈಠಕ್ಕಿನಲ್ಲಿ ವೃದ್ಧ ಗಾಯಕರೊಬ್ಬರು ಬೆಳಗು ಹರಿಯುವಾಗ ಹಾಡಿದ ಭೈರವಿ. ಸರ್ವಾನುಮತದ ಆಯ್ಕೆ.

ಭೈರವಿಯೆಂದರೆ ಕಾರ್ಯಕ್ರಮದ ಕೊನೆ. ಅದು ಶುರುವಾಯಿತೆಂದರೆ ನಮ್ಮ ಕಡೆ ಶ್ರೋತೃಗಳ ಒಂದು ಕೈ ತಾಳ ಹಾಕುತ್ತಿರುತ್ತದೆ, ಇನ್ನೊಂದು ಕೈ ಚೀಲ ಹುಡುಕುತ್ತಿರುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಸದರಿ ನಿಯಮವು ಗಾಯಕರಿಗೆ ಅನ್ವಯಿಸುತ್ತದೆಯೇ ಹೊರತು ಮೊಬೈಲಿಗಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಆ ಭಾನುವಾರ ಗೌರಿ ವೇದಿಕೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಂಬೂರಿ ಶ್ರುತಿ ಮಾಡುತ್ತಿದ್ದಳು. ವೇದಿಕೆಗೆ ಪರದೆ ಎಳೆದಿತ್ತು. ನಾನು ಗೇಟಿನ ಹತ್ತಿರವೂ ಒಂದು ಸ್ಪೀಕರ್ ಇಡಿಸಿದೆ. ದಾರಿಹೋಕರಿಗೂ ಸಂಗೀತದ ಲಾಭ ಸಿಗಲಿ ಎಂಬ ಉದಾತ್ತ ವಿಚಾರ. ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ಭೈರವಿಯ ಗುಂಡಿ ಒತ್ತಿ, ಕಣ್ಣು ಮುಚ್ಚಿ ಕೂತೆ. ಆಹಾ, ಏನು ಸ್ವರ! ಕಣ್ಣು ಮುಚ್ಚಿದ್ದೇ ತಪ್ಪಾಯಿತು.

ಹತ್ತು ಗಂಟೆಗೆ ಕಾರ್ಯಕ್ರಮ ಎಂದರೆ ಹನ್ನೊಂದಕ್ಕೆ ಬರುವುದು ನಮ್ಮ ಜನರ ಕ್ರಮ. ಹಾಗೆ ಬಂದವರಿಗೆ ಗೇಟಿನಲ್ಲೇ ಭೈರವಿ ಕೇಳಿತು. ಮುಗಿದೇ ಹೋಯಿತು ಎಂದುಕೊಂಡರು. ಕೆಲವರು ಹಾಗೆಯೇ ಬೈಕು ತಿರುಗಿಸಿದರು. ಉಳಿದವರು ಮುಖ ಸಣ್ಣ ಮಾಡಿಕೊಂಡು ನಿಂತಿರುವಾಗ ಭೈರವಿ ಮುಗಿದು, ಅದೇ ಕ್ಯಾಸೆಟ್ಟಿನಲ್ಲಿ ಮತ್ತಾವುದೋ ಮಧ್ಯಾಹ್ನದ ಬೈಠಕ್ಕಿನಿಂದ ಉಳಿದಿದ್ದ ವಂದನಾರ್ಪಣೆ ಎರಡೂ ಸ್ಪೀಕರಿನಲ್ಲಿ ಮೊಳಗಿತು. "ಇಲ್ಲಿಗೆ ಕಾರ್ಯಕ್ರಮ ಮುಕ್ತಾಯವಾಯಿತು. ಯಾರೂ ಊಟ ಮಾಡದೆ ಹೋಗಬಾರದು."

ಯಾರೂ ಹೋಗಲಿಲ್ಲ.

ನಾನು ಕಣ್ಣು ಬಿಟ್ಟಾಗ ಸಭಾಂಗಣ ಖಾಲಿ. ಎದುರಿಗೆ ಗೌರಿ ನಿಂತಿದ್ದಳು. "ಆನು ಇನ್ನೂ ಬಾಯೇ ತೆಗದ್ನಿಲ್ಲೆ. ವಂದನಾರ್ಪಣೆ ಯಾರದ್ದು?"

ಊಟದ ಮನೆಗೆ ಓಡಿದೆ. ಜನ ಸಾಲಾಗಿ ಎಲೆ ಮುಂದೆ ಕೂತಿದ್ದರು. ವಂದನಾರ್ಪಣೆ ಕೇಳಿದ ಅಡುಗೆಯವರು ಎಲೆ ಹಾಕಿ, ಉಪ್ಪು ಕೋಸಂಬರಿಯನ್ನೂ ಬಡಿಸಿಬಿಟ್ಟಿದ್ದರು. ಮೊದಲ ಎಲೆಯಲ್ಲಿ ನಮ್ಮ ಪಕ್ಕದ ಮನೆಯ ಮಹಾಬಲಣ್ಣ. ತಡವಾಗಿ ಬಂದದ್ದು ಯಾರಿಗೂ ತಿಳಿಯಬಾರದಲ್ಲ, ನನ್ನನ್ನು ಕಂಡವನೇ ದೊಡ್ಡ ದನಿಯಲ್ಲಿ ಹೇಳಿದ: "ಗೌರಿ ತೋಡಿ ಎಷ್ಟು ಚೊಲೋ ಹಾಡಿದ್ದು ಮಾರಾಯ. ಎನ್ನ ಕಣ್ಣಲ್ಲಿ ನೀರೇ ಬಂತು."

"ಹೌದು ಹೌದು, ಅದರಲ್ಲೂ ಆ ತಾನ್‌ಗಳು," ಎಂದು ಇಡೀ ಸಾಲು ತಲೆದೂಗಿತು.

"ಅವಳು ಇನ್ನೂ ಹಾಡಿದ್ದೇ ಇಲ್ಲೆ," ಅಂದೆ.

ಮಹಾಬಲಣ್ಣ ಬಡಿಸುವವನ ಕಡೆ ತಿರುಗಿ ಉಪ್ಪಿನಕಾಯಿ ಕೇಳಿದ.

"ದಯವಿಟ್ಟು ಎಲ್ಲರೂ ಎದ್ದು ಸಭಾಂಗಣಕ್ಕೆ..." ಎಂದು ನಾನು ಶುರುಮಾಡುವಷ್ಟರಲ್ಲಿ ಹಿರಿಯರೊಬ್ಬರು ಕೈ ಎತ್ತಿದರು. "ತಮ್ಮಾ, ಎಲೆ ಮುಂದೆ ಕೂತವ್ರನ್ನ ಎಬ್ಸಲಾಗ." ಅದಕ್ಕೆ ಮೇಲ್ಮನವಿ ಇಲ್ಲ.

ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಗೌರಿ ಕೇಳಿದಳು, "ತಬಲಾದವ್ರು ಎಲ್ಲಿ?"

ತಬಲಾ ಸಾಥಿ ಯಲ್ಲಾಪುರದ ಖಾದರ್ ಸಾಬರು. ಲಾರಿ ವ್ಯವಹಾರದ ನಡುವೆಯೂ ತಬಲಾ ಬಿಡದವರು. ಗೇಟಿನವರೆಗೆ ಬಂದು ತಿರುಗಿ ಹೋದರೆಂದು ಯಾರೋ ಹೇಳಿದ್ದರಿಂದ ಸ್ಕೂಟರ್ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದೆ. ಯಲ್ಲಾಪುರದ ಬಸ್ಸಿನಲ್ಲಿ, ಮಡಿಲಲ್ಲಿ ತಬಲಾ ಇಟ್ಟುಕೊಂಡು, ಮುಖ ಊದಿಸಿಕೊಂಡು ಕೂತಿದ್ದರು.

"ಗೇಟಿನ್ಯಾಗ ನಿಂತು ಕೇಳೀನ್ರಿ ಭಟ್ರ. ಭೈರವಿ ನಡದಿತ್ತು, ತಬಲಾನೂ ಮಸ್ತ್ ಇತ್ತು. ಬ್ಯಾರೇದವರು ಸಿಕ್ರು ಅಂದ್ರ ನನಗೊಂದು ಫೋನ್ ಮಾಡಬೇಕಿತ್ರಿ."

"ಅದು ಹಳೇ ರೆಕಾರ್ಡಿಂಗ್ ಸಾಬ್ರೇ. ಅದರಲ್ಲಿ ತಬಲಾ ಬಾರಿಸಿದ್ದೂ ನೀವೇ."

ಅವರು ತಬಲಾ ಬಗಲಿಗೇರಿಸಿಕೊಂಡು ಎದ್ದರು. "ಹಂಗಾದ್ರ ಬರ್ತೀನಿ ತಗೋರಿ," ಎಂದು ಇಳಿದರು.

ಊಟ ಮುಗಿದು, ಎಲೆಯಡಿಕೆ ಮುಗಿದು, ಪರದೆ ಸರಿಯುವಾಗ ಮಧ್ಯಾಹ್ನವಾಗಿತ್ತು. ತೋಡಿಯ ಹೊತ್ತು ಮೀರಿತ್ತು. ಮಧ್ಯಾಹ್ನ ತೋಡಿ ಹಾಡಿದರೆ ಎದುರಿಗೆ ಕೂತ ಊರೇ ನಗುತ್ತದೆ. ಅಷ್ಟು ತಿಂಗಳ ಶ್ರಮವನ್ನು ಬದಿಗಿಟ್ಟು ಗೌರಿ ಮಧ್ಯಾಹ್ನದ ರಾಗ ಸಾರಂಗ ಎತ್ತಿಕೊಂಡಳು. ಮೊದಲ ಸ್ವರದಲ್ಲಿ ಅವಳ ದನಿ ನಡುಗಿದಾಗ ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆಮೇಲೆ ನಡುಗಲಿಲ್ಲ. ಸಿಟ್ಟಿನಲ್ಲಿ ಹಾಡಿದಳೋ ಏನೋ, ಹೊಟ್ಟೆ ತುಂಬ ಉಂಡು ತೂಕಡಿಸಲು ಬಂದವರೂ ನೆಟ್ಟಗೆ ಕೂತರು. ಇಷ್ಟು ದಿನ ಅಡುಗೆಮನೆಯ ಆಚೆಯಿಂದ ಅರೆಕಿವಿಯಲ್ಲಿ ಕೇಳಿದ್ದು ಇವಳನ್ನೇ ಏನು ಎಂದು ನನಗೆ ನಾಚಿಕೆಯಾಯಿತು.

ಕೊನೆಗೆ ಅವಳು ಭೈರವಿ ಹಾಡಿ ಮುಗಿಸಿದಳು. ಈ ಸಲ ಯಾರೂ ಚೀಲ ಹುಡುಕಲಿಲ್ಲ, ಯಾರೂ ಏಳಲಿಲ್ಲ. ಬೆಳಿಗ್ಗೆ ಒಮ್ಮೆ ಮೋಸಹೋದವರು. ಎಲ್ಲರೂ ಮಿಕಿಮಿಕಿ ನೋಡುತ್ತ ಕೂತಾಗ ಗೌರಿ ಮೈಕ್ ಹತ್ತಿರಕ್ಕೆ ಎಳೆದುಕೊಂಡಳು. "ಇದು ಖರೇ ಭೈರವಿ. ಇನ್ನು ಹೋಪಲಡ್ಡಿಲ್ಲೆ."

ಇನ್ನು ಹೋಗಬಹುದು ಎಂದದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ಹಾಡಿನಿಂದ ಚಪ್ಪಾಳೆಯವರೆಗೆ ಎಲ್ಲವನ್ನೂ ಖಾದರ್ ಸಾಬರು ತಬಲಾದ ಪಕ್ಕ ಇಟ್ಟುಕೊಂಡಿದ್ದ ತಮ್ಮ ಮೊಬೈಲಿನಲ್ಲಿ ಹಿಡಿದಿದ್ದರು. ನನ್ನದು ಆಗಲೇ ಜಪ್ತಿಯಾಗಿತ್ತು. ಈಗ ಅಂಗಡಿಗೆ ಬರುವವರೆಲ್ಲ ಕೇಳುವುದು ಆ ರೆಕಾರ್ಡಿಂಗನ್ನೇ. ಮಹಾಬಲಣ್ಣನೊಬ್ಬನದೇ ಬೇರೆ ಅಭಿಪ್ರಾಯ. ಏನೇ ಹೇಳು, ಆ ದಿನದ ತೋಡಿಯೇ ಒಂದು ಕೈ ಮೇಲು ಅನ್ನುತ್ತಾನೆ.

ಮೊನ್ನೆ ಗೌರಿಗೆ ಸಿದ್ದಾಪುರದಿಂದ ಕರೆ ಬಂದಿದೆ. ನನಗೂ ಅಲ್ಲಿ ಕೆಲಸವಿದೆ. ಗೇಟಿನಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು "ಇನ್ನೂ ಶುರುವಾಗಿಲ್ಲ, ಒಳಗೆ ಬನ್ನಿ" ಎನ್ನಬೇಕು. ಒತ್ತುವ ಗುಂಡಿ ಒಂದೂ ಇಲ್ಲದ ಕೆಲಸ. ಅವಳೇ ಹುಡುಕಿ ಕೊಟ್ಟದ್ದು.