ಆಚ್ಚಿಯ ಮನೆಯಲ್ಲಿ ನನಗೆ ಕುರ್ಚಿ, ಅವಳಿಗೆ ಚಾಪೆ

ಒಳ್ಳೆಯ ಕೆಲಸ ಮಾಡೋಣ ಅಂತ ಹೊರಟಾಗಲೆಲ್ಲ ನನಗೆ ಹೊಟ್ಟೆ ಉರಿಯುವಂಥದ್ದೇ ಏನಾದರೂ ನಡೆಯುತ್ತದೆ. ಬೇರೆಯವರಿಗೆ ಪುಣ್ಯ ಬರುತ್ತದಂತೆ.

ಸೇಲಂನಲ್ಲಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ಆರೇಳು ಜನ ಸೇರಿ ಒಂದು ತೀರ್ಮಾನ ಮಾಡಿದೆವು. ತೊಪ್ಪೂರು ಘಾಟಿ ದಾಟಿದರೆ ಧರ್ಮಪುರಿ ಕಡೆ ಒಂದು ನಿರಾಶ್ರಿತರ ಕ್ಯಾಂಪ್ ಇದೆ. ಶ್ರೀಲಂಕಾದಲ್ಲಿ ಯುದ್ಧ ನಡೆದಾಗ ದೋಣಿ ಹತ್ತಿ ಬಂದ ತಮಿಳರು ಅಲ್ಲಿ ಎಷ್ಟೋ ವರ್ಷಗಳಿಂದ ಇದ್ದಾರೆ. ನಾವು ಒಬ್ಬೊಬ್ಬರು ಒಂದೊಂದು ಮನೆಯವರ ಸ್ನೇಹ ಮಾಡಬೇಕು, ತಿಂಗಳಿಗೆ ಎರಡು ಭಾನುವಾರ ಹೋಗಿ ಬರಬೇಕು, ಆಸ್ಪತ್ರೆ, ಅರ್ಜಿ ಅಂದರೆ ಜೊತೆಗೆ ನಿಲ್ಲಬೇಕು. ನನ್ನ ಪಾಲಿಗೆ ಬಂದಿದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಅವರ ಕಡೆ ಅಜ್ಜಿಗೆ ಆಚ್ಚಿ ಅನ್ನುತ್ತಾರೆ. ಮಗ ಪೇಂಟಿಂಗ್ ಕೆಲಸಕ್ಕೆ ಊರೂರು ಹೋಗುವವನು, ಹಾಗಾಗಿ ಆಚ್ಚಿ ಹೆಚ್ಚಾಗಿ ಒಬ್ಬಳೇ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ರಿಟೈರ್ ಆದವಳು. ದನಿ ಸ್ವಲ್ಪ ಜೋರು. ಬ್ಯಾಗ್ ಹಿಡಿಯೋಕೆ ಇರಲಿ ಅಂತ ನನ್ನ ಅಣ್ಣನ ಮಗಳನ್ನು ಕರೆದುಕೊಂಡು ಹೋದೆ. ನಲ್ಲಂಪಳ್ಳಿ ಪಕ್ಕದ ಹಳ್ಳಿಯಲ್ಲಿ ಬೆಳೆದ ಹುಡುಗಿ, ಮದುವೆಯಾಗಿ ಈಗ ನಮ್ಮ ಹಿಂದಿನ ಬೀದಿಯಲ್ಲೇ ಇದ್ದಾಳೆ. ನಾನು ಮಾಡಿದ ತಪ್ಪು ಅದೇ.

ಕಥೆ

ಮೊದಲನೇ ದಿನ ಬಾಗಿಲಲ್ಲೇ ಆಚ್ಚಿ, "ವಾಂಗೋ, ಇರುಂದು ಕದೈಪ್ಪಮ್" ಅಂದಳು. ಬನ್ನಿ, ಕೂತು ಕಥೆ ಹೇಳೋಣ ಅಂದ ಹಾಗೆ ನನಗೆ ಕೇಳಿಸಿತು. ನಮ್ಮ ಸೇಲಂ ತಮಿಳಲ್ಲಿ ಕಥೆ ಬಿಡೋದು ಅಂದರೆ ಸುಳ್ಳು ಹೊಡೆಯೋದು. ಬಂದ ಕೂಡಲೇ ಈ ಮಾತೇ ಅಂತ ನನಗೆ ಮುಖ ಬಿಸಿಯಾಯಿತು. ನಾನು ಹಾಗೆಲ್ಲ ಕಥೆ ಹೇಳುವವಳಲ್ಲ, ಸರ್ಕಾರಿ ಕೆಲಸ ಮಾಡಿ ರಿಟೈರ್ ಆದವಳು ಅಂತ ನೆಟ್ಟಗೆ ಹೇಳಿ, ಯಾವ ವರ್ಷ ಸೇರಿದೆ, ಯಾವ ಯಾವ ಊರಿಗೆ ವರ್ಗವಾಯಿತು, ಎಲ್ಲ ವಿವರಿಸತೊಡಗಿದೆ. ಆಚ್ಚಿ ಕಣ್ಣು ಮಿಟುಕಿಸದೆ ನೋಡುತ್ತ ಕೂತಳು.

ಹುಡುಗಿ ಮಾತ್ರ, "ಕಥೆ ತಾನೇ, ಯೇಳಿದ್ರಾಯ್ತು ಬುಡತ್ತೆ" ಅಂದವಳೇ ಚಾಪೆಯ ಮೇಲೆ ಕಾಲು ಮಡಚಿ ಕೂತು, ಅವರ ಬೀದಿಯ ನಲ್ಲಿ ಹತ್ತಿರ ನಡೆದ ಜಗಳ ಶುರು ಮಾಡಿದಳು.

ಒಂದು ಗಂಟೆಯಾದ ಮೇಲೆ ಪಕ್ಕದ ಮನೆಯ ಹೆಂಗಸು ಬಂದು ಹೇಳಿದಳು, ಅವರ ತಮಿಳಲ್ಲಿ ಕದೈಕ್ಕಿರದು ಅಂದರೆ ಸುಮ್ಮನೆ ಮಾತಾಡೋದು ಅಷ್ಟೇ ಅಂತ. ಅಷ್ಟರಲ್ಲಿ ಹುಡುಗಿ ಮೂರನೇ ಜಗಳಕ್ಕೆ ಬಂದಿದ್ದಳು, ಆಚ್ಚಿಯ ಕೈ ಅವಳ ತೊಡೆಯ ಮೇಲಿತ್ತು. ನನ್ನ ಸರ್ವೀಸು ಇನ್ನೂ ತೊಂಬತ್ತೆರಡನೇ ಇಸವಿಯಲ್ಲೇ ನಿಂತಿತ್ತು.

ಕುರ್ಚಿ

ಆಮೇಲಿಂದ ನಾವು ಹೋದಾಗಲೆಲ್ಲ ಆಚ್ಚಿ ಮೂರು ಮನೆ ಆಚೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಸೆರಗಿನಲ್ಲಿ ಒರೆಸಿ ನನಗೆ ಹಾಕುತ್ತಿದ್ದಳು. ಸಾಸರ್ ಇಟ್ಟು ಕಪ್ಪಿನಲ್ಲಿ ಟೀ, ತಟ್ಟೆಯಲ್ಲಿ ಎರಡು ಬಿಸ್ಕತ್ತು. ಹುಡುಗಿಗೆ ಚಾಪೆ, ಅವಳ ಮುಂದೆ ತುರಿಯೋಕೆ ತೆಂಗಿನಕಾಯಿ. ತುರಿದಾದ ಮೇಲೆ ನಮ್ಮ ಒತ್ತು ಶಾವಿಗೆಯಂಥ ಬಿಸಿ ಇಡಿಯಾಪ್ಪ, ಅದರ ಮೇಲೆ ತೆಂಗಿನಹಾಲಿನ ಸಾರು ಸೊದಿ, ಪಕ್ಕದಲ್ಲಿ ಕೆಂಪನೆ ತೆಂಗಿನ ಚಟ್ನಿ, ಸಂಬಲ್. ಹುಡುಗಿ ಬೇಡ ಬೇಡ ಅಂದರೂ ಆಚ್ಚಿ ಬಿಡದೆ ಬಡಿಸುತ್ತಿದ್ದಳು. ನಾನು ಕುರ್ಚಿಯ ಮೇಲಿಂದ ಪರಿಮಳ ಕುಡಿಯುತ್ತಿದ್ದೆ.

ಒಂದು ಭಾನುವಾರ ತಡೆಯಲಿಲ್ಲ. ನಾನೂ ಕೆಳಗೇ ಕೂರುತ್ತೇನೆ ಅಂತ ಚಾಪೆಗೆ ಇಳಿದೆ. ಇಳಿಯುವುದೇನೋ ಇಳಿದೆ, ಮಂಡಿ ಲಾಕ್ ಆಯಿತು. ಹುಡುಗಿ ಒಂದು ಕಡೆ, ಆಚ್ಚಿ ಒಂದು ಕಡೆ ಹಿಡಿದು ಎಬ್ಬಿಸಿ ಮತ್ತೆ ಕುರ್ಚಿಗೆ ಹಾಕಿದರು. ಸುಸ್ತಾಗಿದ್ದಾರೆ ಪಾಪ ಅಂತ ಆಚ್ಚಿ ಮುಂದೆ ತಂದಿಟ್ಟಳು. ಇನ್ನೆರಡು ಬಿಸ್ಕತ್ತು.

ಮರ್ಯಾದೆ

ಹುಡುಗಿ ಆಚ್ಚಿಗೆ ನಮ್ಮ ಮನೆಮಾತು ಕನ್ನಡ ಕಲಿಸುತ್ತಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ದಿನ ಪಾರ್ಕಿನವರೆಲ್ಲ ಜೊತೆಯಲ್ಲಿರುವಾಗ, ಆಚ್ಚಿ ದೂರದಿಂದಲೇ ನನ್ನ ಕಡೆ ಕೈಬೀಸಿ, "ಬಾ ಲೇ, ಉಂಡ್ಯಾ?" ಅಂತ ಕೂಗಿದಳು. ತಮಿಳಿನವರಿಗೆ ಏನೂ ಅನಿಸಲಿಲ್ಲ. ಕನ್ನಡದವರು ಇಬ್ಬರು ಇದ್ದರು, ಅವರು ಚಪ್ಪಲಿ ಸರಿಮಾಡಿಕೊಳ್ಳುವ ಹಾಗೆ ಬಗ್ಗಿದರು.

ನಾನು ಹುಡುಗಿಯನ್ನು ಗದರಿದೆ. ಅವಳು, "ನಮ್ಮೂರಾಗೆ ಬೇಕಾದೋರ್ನ ಅಂಗೇ ತಾನೇ ಕರೆಯೋದು, ಅತ್ತೆ" ಅಂದಳು. ಅದೆಲ್ಲ ಆಗಲ್ಲ ಅಂತ ನಾನೇ ಆಚ್ಚಿಯ ಮುಂದೆ ಕೂತು ಪಾಠ ಮಾಡಿದೆ. ಬನ್ನಿ. ಕುಳಿತುಕೊಳ್ಳಿ. ಊಟವಾಯಿತೇ. ಆಚ್ಚಿ ಶ್ರದ್ಧೆಯಿಂದ ಕಲಿತಳು.

ಮುಂದಿನ ಸಲ ಹೋದಾಗ ನನಗೆ ಕೈಮುಗಿದು, "ಬನ್ನಿ, ಕುಳಿತುಕೊಳ್ಳಿ" ಅಂದಳು. ಆಮೇಲೆ ನನ್ನ ಭುಜದ ಮೇಲಿಂದ ಹಿಂದೆ ನೋಡಿದಳು, ಮುಖವೆಲ್ಲ ಅರಳಿತು. "ಬಾ ಲೇ" ಅಂದಳು ಹುಡುಗಿಗೆ.

ನಾನಾಗಿ ಕೇಳಿ ತೆಗೆದುಕೊಂಡ ಮರ್ಯಾದೆ. ಬೇಡ ಅಂತ ವಾಪಸು ಕೊಡೋದು ಹೇಗೆ?

ಬುಧವಾರ

ಇದಕ್ಕೊಂದು ದಾರಿ ನೋಡಿದೆ. ಹುಡುಗಿಗೆ ಹೇಳದೆ ಒಂದು ಬುಧವಾರ ಒಬ್ಬಳೇ ಧರ್ಮಪುರಿ ಬಸ್ ಹತ್ತಿದೆ. ಕೈಯಲ್ಲಿ ಒಂದು ಬುಟ್ಟಿ ಮಾವಿನಹಣ್ಣು.

ಆಚ್ಚಿ ನನ್ನನ್ನು ನೋಡಿ ಗಾಬರಿಯಾದಳು. ಹುಡುಗಿ ಎಲ್ಲಿ, ಹುಷಾರಿಲ್ಲವಾ, ಮನೆಯಲ್ಲಿ ಕೆಲಸ ಜಾಸ್ತಿಯಾ, ಊಟ ಮಾಡಿದಳಾ ಅಂತ ಒಂದೇ ಸಮನೆ ಕೇಳಿದಳು. ನಾನು ಮಾವಿನಹಣ್ಣಿನ ವಿಷಯ ತೆಗೆದೆ. ಅದು ಹುಡುಗಿಗೂ ಇಷ್ಟವಲ್ಲವಾ ಅಂತ ಕೇಳಿದಳು. ಹೊರಡುವಾಗ ಅಕ್ಕಿಹಿಟ್ಟು, ತೆಂಗಿನತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪುಟ್ಟು ನಾಲ್ಕು ದೊಡ್ಡ ತುಂಡು ಡಬ್ಬಿಗೆ ತುಂಬಿ, ಇದನ್ನು ಹುಡುಗಿಯ ಕೈಗೇ ಕೊಡಬೇಕು ಅಂತ ಎರಡು ಸಲ ಹೇಳಿದಳು.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಅಡ್ಡ ನಿಂತು ಮುಕ್ಕಾಲು ಗಂಟೆ ಬಸ್ ಅಲ್ಲಾಡಲಿಲ್ಲ. ನಾನೂ ಮನುಷ್ಯಳು.

ಸಂಜೆ ಡಬ್ಬಿ ಕೊಟ್ಟಾಗ ಹುಡುಗಿ ಮುಚ್ಚಳ ತೆಗೆದು ನೋಡಿದಳು. ನಾನು ಬಸ್ಸಿನಲ್ಲಿರುವಾಗಲೇ ಆಚ್ಚಿ ಅವಳಿಗೆ ಫೋನ್ ಮಾಡಿದ್ದಳಂತೆ.

"ನಾಲ್ಕು ಐತೆ ಅಂದ್ಳಲ್ಲತ್ತೆ?"

"ಆಚ್ಚಿಗೆ ಕಣ್ಣು ಸರಿಯಿಲ್ಲ" ಅಂದೆ.

ಕಣ್ಣು

ನಾನು ಬಾಯಿಗೆ ಬಂದ ಹಾಗೆ ಹೇಳಿದ್ದು ನಿಜವೇ ಆಗಿತ್ತು. ಆಚ್ಚಿಯ ಎಡಗಣ್ಣಿಗೆ ಪೊರೆ ಬಂದಿತ್ತು. ಸೇಲಂನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಗೊತ್ತು ಮಾಡಿದೆವು. ಮಗನಿಗೆ ಕೆಲಸ ಬಿಟ್ಟು ಬರಲು ಆಗಲಿಲ್ಲ, ನಾವಿಬ್ಬರೇ ಕರೆತಂದೆವು.

ಕಣ್ಣಿಗೆ ಔಷಧಿ ಹಾಕಿ, ಮುಚ್ಚಿಕೊಂಡು ಕೂತಿರಿ ಅಂತ ನರ್ಸ್ ಹೇಳಿದಳು. ಆಚ್ಚಿ ಮುಚ್ಚಲೊಲ್ಲಳು. ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: ಬರುವಾಗ ದೋಣಿಯಲ್ಲಿ ಭಯಕ್ಕೆ ಕಣ್ಣು ಮುಚ್ಚಿದ್ದೆ, ತೆರೆದು ನೋಡಿದರೆ ನಮ್ಮ ದಡ ಕಾಣಲಿಲ್ಲ, ಅದಾದ ಮೇಲೆ ಇವತ್ತಿನವರೆಗೂ ಕಂಡಿಲ್ಲ. ನಾನು ನನ್ನ ಇನ್ನೊಂದು ಕೈಯನ್ನೂ ಅವಳ ಕೈಯ ಮೇಲಿಟ್ಟೆ.

ಆಪರೇಷನ್ ಆದ ಮೇಲೆ, ರಾತ್ರಿ ಜೊತೆಗೆ ಒಬ್ಬರು ಮಾತ್ರ ಇರಬಹುದು ಅಂದರು. ಹುಡುಗಿ ಎದ್ದಳು. ನಾನೂ ಎದ್ದೆ. ನೀನು ಹೋಗು, ನೀವು ಓಗಿ ಅಂತ ಇಬ್ಬರೂ ಶುರು ಮಾಡಿದೆವು. ಪೇಷಂಟೇ ಹೇಳಲಿ ಅಂದಳು ನರ್ಸ್. ಆಚ್ಚಿ ಇಬ್ಬರನ್ನೂ ನೋಡಿದಳು, ತುಸು ಯೋಚಿಸಿದಳು, ನನ್ನ ಕಡೆ ಬೆರಳು ತೋರಿಸಿದಳು.

ಪ್ರಮೋಷನ್ ಆರ್ಡರ್ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದಳು. ಅದನ್ನು ನಾನು ಬಾಗಿಲವರೆಗೂ ಹೋಗಿ ನೋಡಿ ಬಂದೆ.

ಬೆಳಿಗ್ಗೆ ಡಾಕ್ಟರ್ ಪಟ್ಟಿ ಬಿಚ್ಚಿದರು. ಹುಡುಗಿ ಕಾಫಿ ಫ್ಲಾಸ್ಕ್ ಹಿಡಿದು ಬಂದಿದ್ದಳು. ಆಚ್ಚಿ ಕಿಟಕಿ ನೋಡಿದಳು, ತನ್ನ ಕೈಗಳನ್ನು ತಿರುಗಿಸಿ ನೋಡಿದಳು, ನಕ್ಕಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ತುಂಬಾ ಮರ್ಯಾದೆಯಿಂದ ತನ್ನ ತಮಿಳಲ್ಲಿ ಹೇಳಿದಳು:

"ಅಮ್ಮಾ, ನೀವು ಕೆಟ್ಟವರಲ್ಲ, ರಾತ್ರಿ ಗೊತ್ತಾಯಿತು. ಒಂದು ಮಾತು ಹೇಳುತ್ತೇನೆ, ಕೋಪ ಮಾಡಬೇಡಿ. ಈ ಸೊಸೆಗೆ ಮನೆಯಲ್ಲಿ ಹೊಟ್ಟೆ ತುಂಬ ಊಟ ಹಾಕಿ. ಒಂದು ದಿನವಾದರೂ ಅವಳಿಗೆ ನಿಮ್ಮಿಂದ ಬಿಡುವು ಸಿಗಲಿ ಅಂತಲೇ ನಿಮ್ಮನ್ನು ಇಲ್ಲಿ ಇಟ್ಟುಕೊಂಡೆ."

ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿ ನನ್ನನ್ನು ಅತ್ತೆ ಅನ್ನುತ್ತಾಳೆ, ಅಪ್ಪನ ತಂಗಿಯಲ್ಲವೇ. ಗಂಡನ ತಾಯಿಗೂ ಅದೇ ಮಾತು. ನಾನು ಬೇರೆ ಯಾವಾಗಲೂ ಅದು ತಗೋ, ಇದು ಹಿಡಿ, ಏಳು, ನಡೆ ಅಂತ ಎಕ್ಸ್‌ಚೇಂಜಿನ ದನಿಯಲ್ಲಿ ಅವಳನ್ನು ಕೂಗುತ್ತಿದ್ದೆ. ಒಂದು ವರ್ಷ ಆ ಕುರ್ಚಿ, ಆ ಸಾಸರ್, ಎಲ್ಲ ಜೋರು ಅತ್ತೆಯ ಮೇಲಿನ ಭಯಕ್ಕೆ. ಸೊದಿಯೆಲ್ಲ ಹಸಿದ ಸೊಸೆಗೆ.

ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು, ಭುಜ ಕುಣಿಯುತ್ತಿತ್ತು. ನಾನು ಸಂಬಂಧ ಬಿಡಿಸಿ ಹೇಳಿದೆ. ಹಾಗಾದರೆ ನಿನ್ನ ಅತ್ತೆ ಎಲ್ಲಿ ಅಂತ ಆಚ್ಚಿ ಅವಳನ್ನು ಕೇಳಿದಳು. ಮನೆಯಲ್ಲಿದ್ದಾರೆ, ತುಂಬಾ ಒಳ್ಳೆಯವರು, ಈ ಕಾಫಿಯೂ ಅವರೇ ಮಾಡಿಕೊಟ್ಟಿದ್ದು ಅಂದಳು ಹುಡುಗಿ.

ಆಚ್ಚಿ ಕಾಫಿ ಫ್ಲಾಸ್ಕನ್ನು ಒಮ್ಮೆ ನೋಡಿದಳು. ಆಮೇಲೆ ಹೊಸ ಕಣ್ಣಲ್ಲಿ ನನ್ನನ್ನೇ ನೋಡಿ, ಮೊದಲನೇ ಸಲ ನನಗೂ ಮಗಳಿಗೆ ಅನ್ನುವ ಹಾಗೆ ಪಿಳ್ಳೆ ಅಂದು, ನಿನಗೆ ಅತ್ತೆ ಇದ್ದಾಳಾ ಅಂತ ಕೇಳಿದಳು.

ನಮ್ಮತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಇದ್ದಾಗ ನನಗೆ ಒಂದು ಮಾತು ಎದುರಾಡಿದವರಲ್ಲ.

"ಇದ್ದಾರೆ ಆಚ್ಚಿ" ಅಂದೆ. "ನೆಟ್ಟಗೆ ಊಟ ಕೂಡ ಹಾಕಲ್ಲ."